ಮನೆಯಾಟದಲ್ಲಿ ಅಪ್ಪನ ಜಾಗ

ಆಗ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ, ಕೋಣೆಗೊಂದು ಸಂಸಾರದ ನಮ್ಮ ಚಾಳಿನಲ್ಲಿ, ಗೋಡೆ ಗಡಿಯಾರ ಇದ್ದ ಮನೆ ಒಂದೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ನಲ್ಲಿಯಲ್ಲಿ ನೀರು ಬಂದರೆ ಐದು ಗಂಟೆ. ಹಾಲಿನವನು ಕ್ಯಾನಿನ ಮುಚ್ಚಳ ಬಡಿದರೆ ಐದೂವರೆ. ನನ್ನ ಅಪ್ಪ ಮೆಟ್ಟಿಲು ಇಳಿದರೆ ಆರು ಐವತ್ತೈದು. ಅಪ್ಪನ ಚಪ್ಪಲಿಯ ಸದ್ದು ಕೇಳಿ ಎದುರುಮನೆಯವರು ಅನ್ನಕ್ಕೆ ಎಸರಿಡುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದಳು. ಅದರಲ್ಲಿ ಉತ್ಪ್ರೇಕ್ಷೆ ಏನಿಲ್ಲ.

ಅರವತ್ತು ವರ್ಷದ ಹಿಂದಿನ ಮಾತು. ಅಪ್ಪ ಉಡುಪಿಯ ಕಡೆಯಿಂದ ಬಂದವರು. ಮುಂಬಯಿಯ ಫೋರ್ಟಿನಲ್ಲಿ ಒಂದು ಹಡಗು ಕಂಪನಿಯ ಗುಮಾಸ್ತರು. ಅಪ್ಪ, ಅಮ್ಮ, ಐದು ವರ್ಷದ ನಾನು, ಮೂರು ವರ್ಷದ ತಂಗಿ, ಇಷ್ಟು ಜನಕ್ಕೆ ಒಂದು ಕೋಣೆ. ಒಂದೇ ಕೋಣೆಯಲ್ಲಿ ಬದುಕಬೇಕಾದರೆ ನಿಯಮ ಬೇಕು. ಇಲ್ಲವಾದರೆ ಒಬ್ಬರ ಕಾಲು ಇನ್ನೊಬ್ಬರ ತಟ್ಟೆಯಲ್ಲಿರುತ್ತದೆ. ನಮ್ಮ ಮನೆಯ ಮೊದಲನೆಯ ನಿಯಮ: ಬೆಳಿಗ್ಗೆ ಅಪ್ಪ ಹೊರಡುವವರೆಗೆ ಮಕ್ಕಳು ಹಾಸಿಗೆಯಿಂದ ಏಳಬಾರದು. ಎದ್ದರೆ ಕಾಲಿಗೆ ಅಡ್ಡ ಬರುತ್ತಾರೆ, ಏಳು ಹದಿನೆಂಟರ ಲೋಕಲ್ ರೈಲು ತಪ್ಪುತ್ತದೆ. ಎರಡನೆಯ ನಿಯಮ: ರಾತ್ರಿ ಎಂಟಕ್ಕೆ ಮಕ್ಕಳು ಮಲಗಿರಬೇಕು. ಅಪ್ಪ ಮನೆ ಮುಟ್ಟುವುದು ಎಂಟು ನಲವತ್ತಕ್ಕೆ.

ಹಾಗಾಗಿ ವಾರದ ಆರು ದಿನ ನನಗೆ ಅಪ್ಪ ಎಂದರೆ ಕಿವಿಗೆ ಮತ್ತು ಮೂಗಿಗೆ ಗೊತ್ತಿದ್ದವರು. ಗೋಡೆಯ ಕಡೆ ಮುಖ ಮಾಡಿ, ಎಚ್ಚರವಾಗಿಯೇ ಮಲಗಿರುತ್ತಿದ್ದೆ. ಹಿತ್ತಾಳೆ ಲೋಟಕ್ಕೆ ಕ್ಷೌರದ ಬ್ರಶ್ಶು ತಾಗುವ ಸದ್ದು. ಸಾಸಿವೆ ಸಿಡಿದ ಒಗ್ಗರಣೆ, ಅವಲಕ್ಕಿ. ತಲೆಗೆ ಹಚ್ಚಿದ ತೆಂಗಿನೆಣ್ಣೆ. ಬುತ್ತಿ ಡಬ್ಬದ ಕೊಂಡಿ ಹಾಕಿದ ಟಕ್. ಬಾಗಿಲು ತೆರೆದಾಗ ಬೆನ್ನಿಗೆ ತಾಗುವ ತಂಪು ಗಾಳಿ. ಆಮೇಲೆ ಏಳಬಹುದಿತ್ತು.

ಭಾನುವಾರ ಅಪ್ಪ ಮನೆಯಲ್ಲಿ ಇರುತ್ತಿದ್ದರು. ಅಂದು ಎಣ್ಣೆಸ್ನಾನ, ರೇಷನ್ನಿನ ಸಾಲು, ಮತ್ತು ಸರಿಯಾಗಿ ಹನ್ನೊಂದಕ್ಕೆ ಮಕ್ಕಳ ಉಗುರು ತೆಗೆಯುವುದು. ನನ್ನ ಬೆರಳನ್ನು ಅಪ್ಪ ಎರಡು ಬೆರಳಿನ ನಡುವೆ ಬಿಗಿಯಾಗಿ ಹಿಡಿಯುತ್ತಿದ್ದರು. ಅವರ ಮುಖಕ್ಕಿಂತ ಆ ಹಿಡಿತ ನನಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಗೋಡೆಯಲ್ಲಿ ಒಂದು ಮೊಳೆ ಇತ್ತು. ಅದಕ್ಕೆ ಯಾರೂ ಏನನ್ನೂ ತೂಗುಹಾಕಬಾರದು. ಒಮ್ಮೆ ಅಮ್ಮ ಅಲ್ಲಿ ಜರಡಿ ಸಿಕ್ಕಿಸಿ ಬೈಸಿಕೊಂಡಿದ್ದಳು. ಅಪ್ಪನ ಕಂಪನಿಯಲ್ಲಿ ಹತ್ತು ವರ್ಷ ಒಂದೂ ಲೇಟ್ ಮಾರ್ಕ್ ಇಲ್ಲದೆ ಬಂದವರಿಗೆ ಗೋಡೆ ಗಡಿಯಾರ ಕೊಡುತ್ತಿದ್ದರು. ಅಪ್ಪನಿಗೆ ಒಂಬತ್ತು ವರ್ಷ ಮುಗಿದು ಕೆಲವು ತಿಂಗಳಾಗಿದ್ದವು. ಮೊಳೆ ಆ ಗಡಿಯಾರಕ್ಕೆ.

ಚಾಳಿನ ಕೊನೆಯಲ್ಲಿ, ಕೆಳಗಿನ ಕೋಣೆಯಲ್ಲಿ, ಕನ್ನಡದ ಬಾಲವಾಡಿ ನಡೆಯುತ್ತಿತ್ತು. ನಡೆಸುತ್ತಿದ್ದವರು ಧಾರವಾಡ ಕಡೆಯ ಒಬ್ಬ ಹೆಂಗಸು. ಅವರನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಅವರ ಹೆಸರು ಕೇಳಬೇಕೆಂದು ನನಗೆ ಆಗ ತೋಚಲಿಲ್ಲ, ಈಗ ಕೇಳಲು ಯಾರೂ ಇಲ್ಲ. ಒದ್ದೆ ಸ್ಲೇಟು, ಶೇಂಗಾ ಮತ್ತು ಬೆಲ್ಲದ ವಾಸನೆಯ ಕೋಣೆ. ಬೆಳಿಗ್ಗೆ ಎಂಟಕ್ಕೆ ಪ್ರಾರ್ಥನೆ, ಎಂಟೂಕಾಲಕ್ಕೆ ಮನೆಯಾಟ, ಒಂಬತ್ತರಿಂದ ಅ ಆ ಇ ಈ.

ಮನೆಯಾಟಕ್ಕೆ ಒಂದು ಮೂಲೆ ಇತ್ತು. ಹಣ್ಣಿನ ಖಾಲಿ ಪೆಟ್ಟಿಗೆಗಳೇ ಗೋಡೆ. ಮೂರು ಇಟ್ಟಿಗೆಯ ಒಲೆ. ತೆಂಗಿನ ಚಿಪ್ಪು ಪಾತ್ರೆ, ಹುಣಸೆಬೀಜ ಅಕ್ಕಿ. ಅಮ್ಮ ಆಗಲು ಹುಡುಗಿಯರು ಜಡೆ ಹಿಡಿದು ಕಿತ್ತಾಡುತ್ತಿದ್ದರು. ಅಜ್ಜಿ, ಹಾಲಿನವನು, ಟಪಾಲಿನವನು, ಬೋಹಾರಿನ್, ಅಂದರೆ ಹಳೆಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವಳು, ಎಲ್ಲದಕ್ಕೂ ಜನ ಇದ್ದರು. ಮಗು ಆಗಲೂ ನಾಲ್ಕು ಮಂದಿ ತಯಾರು. ಅಪ್ಪ ಆಗಲು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ.

ಯಾಕೆಂದರೆ ಅಪ್ಪ ಆದವನಿಗೆ ಆಟವೇ ಇರಲಿಲ್ಲ. ಅವನು ಚೀಲ ಹಿಡಿದು “ಬರ್ತೇನೆ” ಎಂದು ಬಾಗಿಲು ದಾಟಬೇಕು. ಹೊರಗೆ ಕಾಡುಬಾದಾಮಿ ಮರದ ಕೆಳಗಿನ ಮೆಟ್ಟಿಲ ಮೇಲೆ ಕೂರಬೇಕು. ಅಷ್ಟೇ. ಒಳಗೆ ಅಡುಗೆ, ಜಗಳ, ನಗು. ಇವನು ಹೊರಗೆ ಕೂತು ಬಿದ್ದ ಕೆಂಪು ಎಲೆ ಎಣಿಸಬೇಕು. ಯಾರಾದರೂ ಅತ್ತರೆ, ಚಿಪ್ಪು ಒಡೆದರೆ, ಅಮ್ಮ ಆಗಿದ್ದ ಕುಸುಮ ಕೈ ತೋರಿಸಿ ಕೂಗುತ್ತಿದ್ದಳು: “ನೀನು ಅಪ್ಪ ಆಗು, ಹೋಗು!” ಅದು ನಮ್ಮಲ್ಲಿದ್ದ ಅತಿ ದೊಡ್ಡ ಶಿಕ್ಷೆ. ಇದರಲ್ಲಿ ವಿಚಿತ್ರ ಏನಾದರೂ ಇದೆ ಎಂದು ನಮಗೆ ಅನಿಸಿರಲಿಲ್ಲ.

ಅಕ್ಕೋರಿಗೆ ಒಂದು ಪದ್ಧತಿ ಇತ್ತು. ಮಕ್ಕಳ ಅಮ್ಮಂದಿರು ಪಾಳಿಯ ಮೇಲೆ ಬಂದು ತಮಗೆ ಗೊತ್ತಿದ್ದುದನ್ನು ಕಲಿಸಬೇಕು. ನನ್ನ ಅಮ್ಮ ಬಾಳೆನಾರಿನಲ್ಲಿ ಹೂ ಕಟ್ಟುವುದನ್ನು ಹೇಳಿಕೊಟ್ಟಳು. ಕುಸುಮನ ಅಮ್ಮ ಮೈಸೂರಿನ ಕಡೆಯವರು, ರಂಗೋಲಿಯ ಚುಕ್ಕೆ ಎಣಿಸಲು ಕಲಿಸಿದರು. ಅಕ್ಕೋರು ಮನೆಗೂ ಕೆಲಸ ಕೊಡುತ್ತಿದ್ದರು: ಇವತ್ತು ಅಮ್ಮನ ಜೊತೆ ಕೂತು ಹೆಸರುಕಾಳು, ಕಡಲೆ ಬೇರೆ ಮಾಡಿ ತನ್ನಿ. ಆ ವರ್ಷ ದಸರೆ ಕಳೆದ ಮೇಲೆ ಅಕ್ಕೋರು ಅಪ್ಪಂದಿರಿಗೂ ಚೀಟಿ ಕಳಿಸಿದರು. ಭಾನುವಾರ ಬರಬೇಕು, ಮಕ್ಕಳು ದಿನವೂ ಏನು ಮಾಡುತ್ತಾರೋ ಅದನ್ನೇ ಮಾಡುತ್ತಾರೆ, ನೋಡಬೇಕು.

ಹನ್ನೆರಡು ಮಂದಿ ಅಪ್ಪಂದಿರು ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಕ್ಕಳ ಮಣೆಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿ ಕೂತರು.

“ಚಾ ಕೊಡ್ತೀನ್ರಿ, ಭಾಷಣ ಕೊಡಂಗಿಲ್ಲ,” ಎಂದರು ಅಕ್ಕೋರು. “ಬರೇ ನೋಡ್ರಿ.”

ಆಟ ಶುರುವಾಯಿತು. ಅಂದು ನಾನು ಬಾಗಿಲಲ್ಲಿ ಕುಸುಮನ ರಂಗೋಲಿ ತುಳಿದಿದ್ದೆ. ಅವಳು ಕೈ ತೋರಿಸಿದಳು. ನಾನು ಚೀಲ ಹಿಡಿದು ಅಷ್ಟೂ ಅಪ್ಪಂದಿರ ಮುಂದೆ ಹಾದು ಹೊರಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಚಪ್ಪಲಿಯ ಸದ್ದು. ನನಗೆ ನೋಡುವ ಅಗತ್ಯ ಇರಲಿಲ್ಲ.

“ಇಲ್ಲಿ ಎಂತ ಮಾಡ್ತಿದ್ದಿ?” ಅಪ್ಪ ಕೇಳಿದರು. “ಒಳಗೆ ಹೋಗು. ಆಟ ನಡೀತಾ ಉಂಟಲ್ಲ.”

“ನಾನು ಆಟದಲ್ಲೇ ಇದ್ದೇನೆ.”

“ಎಲ್ಲಿ ಇದ್ದಿ? ಮೆಟ್ಟಿಲ ಮೇಲೆ ಕೂತಿದ್ದಿ.”

“ನಾನು ಅಪ್ಪ.”

“ಅಪ್ಪ ಆದ್ರೆ ಇಲ್ಲಿ ಯಾಕೆ ಕೂತದ್ದು?”

“ಅಪ್ಪ ಅಂದ್ರೆ ಹೊರಗೆ,” ಎಂದೆ. ಇಷ್ಟು ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ನನಗೆ ಆಶ್ಚರ್ಯ.

“ಒಳಗೆ ಹೋಗುದು ಯಾವಾಗ ಹಾಗಾದ್ರೆ?”

“ಮಕ್ಕಳು ಮಲಗಿದ ಮೇಲೆ. ಆದ್ರೆ ಅದರ ಮೊದಲೇ ಅಕ್ಕೋರು ಗಂಟೆ ಹೊಡೀತಾರೆ.”

ಅಪ್ಪ ಕೈಗಡಿಯಾರ ನೋಡಿದರು. ಅವರು ಗಂಟೆ ನೋಡಲಿಲ್ಲ, ಅದು ನನಗೂ ತಿಳಿಯಿತು. ಗಾಜನ್ನು ಹೆಬ್ಬೆರಳಿನಿಂದ ಒರೆಸಿದರು, ಮತ್ತೆ ಒರೆಸಿದರು. ಬಾಗಿಲಲ್ಲಿ ನಿಂತಿದ್ದ ಕುಸುಮನ ಅಪ್ಪ ಮೂರ್ತಿಯವರು ನಕ್ಕು, “ಏನ್ ಸ್ವಾಮಿ, ಮಗನನ್ನ ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟುಬಿಟ್ರಾ?” ಎಂದರು. ಒಳಗಿನಿಂದ ಅವರ ಮಗಳ ದನಿ ಕೇಳಿತು. ಯಾರಿಗೋ ಗದರುತ್ತಿದ್ದಳು: “ಸುಮ್ನಿರ್ತೀಯೋ, ನಿನ್ನೂ ಅಪ್ಪ ಮಾಡ್ಲೋ?” ಮೂರ್ತಿಯವರ ನಗು ಅರ್ಧಕ್ಕೆ ನಿಂತಿತು. ಬಶಿಗಳಲ್ಲಿ ಚಹಾ ಹಾಗೇ ತಣ್ಣಗಾಯಿತು.

ಅಪ್ಪನಿಗೆ ಮೊದಲು ಬಂದದ್ದು ಸಿಟ್ಟು.

“ಮಕ್ಕಳಿಗೆ ಇದನ್ನಾ ನೀವು ಕಲಿಸುದು?” ಎಂದು ಅಕ್ಕೋರನ್ನು ಕೇಳಿದರು.

“ನಾ ಕಲಿಸಿಲ್ರಿ ರಾಯರ. ನಾ ಕಲಿಸಿದ್ದು ಅ, ಆ ಅಷ್ಟ. ಇದು ಅವರವರ ಮನಿಯಿಂದ ಬಂದದ್ದು.”

“ನಾನು ಯಾರಿಗೋಸ್ಕರ ದುಡಿಯುದು? ಇವರಿಗೇ ಅಲ್ವಾ?”

“ಖರೇ ಅದರಿ. ಅದು ಆಟದಾಗ ಕಾಣಂಗಿಲ್ಲ, ಏನ್ ಮಾಡೂದು? ಒಂದು ಬುಧವಾರ ಎಂಟೂಕಾಲಕ್ಕ ಬಂದು ನೀವ ಆಡ್ರಿ.”

“ಎಂಟೂಕಾಲಕ್ಕೆ ನನ್ನ ಗಾಡಿ ದಾದರಿನಲ್ಲಿ ಇರ್ತದೆ.”

“ಗಾಡಿ ಇರ್ಲಿ ಬಿಡ್ರಿ. ನೀವೆಲ್ಲಿರ್ತೀರಿ?”

ಅಪ್ಪ ನನ್ನನ್ನು ಕರೆದುಕೊಂಡು ಮನೆಗೆ ಬಂದರು. ಅಂದು ಹನ್ನೊಂದಕ್ಕೆ ಉಗುರು ತೆಗೆಯಲಿಲ್ಲ. ನನಗೆ ನೆನಪಿರುವಂತೆ ನಿಯಮ ತಪ್ಪಿದ ಮೊದಲ ಭಾನುವಾರ ಅದು. ನಾನು ಕೈ ಚಾಚಿ ಕೂತಿದ್ದೆ. ಅವರು ಅಮ್ಮನನ್ನು ಕೇಳುತ್ತಿದ್ದರು: “ನೀನು ಏನಾದ್ರೂ ಹೇಳಿಕೊಟ್ಟದ್ದಾ?” ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ ಹೇಳಿದಳು: “ನಾನು ಎಂತ ಹೇಳಿಕೊಡ್ಲಿ? ಅವ ಕಂಡದ್ದನ್ನು ಆಡಿದ.”

ಮುಂದಿನದನ್ನು ಅಮ್ಮನೇ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದ್ದು. ಲೇಟ್ ಮಾರ್ಕ್ ಆಗದಂತೆ ಬುಧವಾರ ಬರಲು ಒಂದೇ ದಾರಿ, ಮುಂಚಿತವಾಗಿ ರಜೆ ಕೇಳುವುದು. ರಜೆ ಅರ್ಜಿಯಲ್ಲಿ ಕಾರಣ ಬರೆಯುವ ಜಾಗ ಇತ್ತು. ಜ್ವರ, ಮದುವೆ, ಸಾವು, ಈ ಮೂರನ್ನು ಬರೆದರೆ ಯಾರೂ ಕೇಳುತ್ತಿರಲಿಲ್ಲ. ಚಾಳಿನ ಅರ್ಧ ಗಂಡಸರು ತಮ್ಮ ಅಜ್ಜಿಯರನ್ನು ಎರಡೆರಡು ಸಲ ಸಾಯಿಸಿದ್ದರು. ನನ್ನ ಅಪ್ಪನಿಗೆ ಸುಳ್ಳು ಬರೆಯಲು ಬರುತ್ತಿರಲಿಲ್ಲ. ಕಂಪನಿಯ ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ, ‘ಮಗನ ಬಾಲವಾಡಿಯಲ್ಲಿ ಮನೆಯಾಟ ಆಡುವ ಸಲುವಾಗಿ’ ಎಂದು ಬರೆದರು. ಮೇಲಿನ ಅಧಿಕಾರಿ ಅದನ್ನು ಪಕ್ಕದ ಮೇಜಿನವರಿಗೆಲ್ಲ ಓದಿ ಹೇಳಿ, ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿ ಹಿಂದಕ್ಕೆ ಕಳಿಸಿದ. ಅಪ್ಪ ಆ ಕಾಗದ ತಂದು ಅಮ್ಮನ ಮುಂದೆ ಇಟ್ಟರಂತೆ. ಅದನ್ನು ನೋಡಲಿಲ್ಲ, ಮೊಳೆಯನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದರಂತೆ.

ಬುಧವಾರ ನೀರು ಬಂತು, ಹಾಲು ಬಂತು. ಬ್ರಶ್ಶಿನ ಸದ್ದು ಆಯಿತು. ಡಬ್ಬದ ಕೊಂಡಿ ಬಿತ್ತು. ನಾನು ತಂಪು ಗಾಳಿಗಾಗಿ ಕಾದೆ. ಬರಲಿಲ್ಲ. ಬದಲಿಗೆ ಯಾರೋ ನನ್ನ ಚಾದರ ಎಳೆದರು.

“ಏಳು ಮಾರಾಯ. ಬಾಲವಾಡಿಗೆ ಲೇಟಾಗ್ತದೆ.”

ಗಾಬರಿಯಲ್ಲಿ ನಾನು ಜೋರಾಗಿ ಅತ್ತುಬಿಟ್ಟೆ. ಏನೋ ಕೆಟ್ಟದ್ದು ಆಗಿದೆ, ಯಾರೋ ಸತ್ತಿದ್ದಾರೆ ಎಂದೇ ತಿಳಿದೆ. ಎದುರುಮನೆಯವರೂ ಬಾಗಿಲಿಗೆ ಬಂದು “ಕಾಯ್ ಝಾಲ?”, ಏನಾಯಿತು, ರಾಯರಿಗೆ ಹುಷಾರಿಲ್ಲವೇ ಎಂದು ಮರಾಠಿಯಲ್ಲಿ ಕೇಳಿ ಹೋದರು. ಅವರ ಮನೆಯಲ್ಲಿ ಅಂದು ಎಸರು ತಡವಾಗಿರಬೇಕು.

ಬಾಲವಾಡಿಯಲ್ಲಿ ಅಪ್ಪ ಚಪ್ಪಲಿ ಕಳಚಿ, ಹಣ್ಣಿನ ಪೆಟ್ಟಿಗೆ ದಾಟಿ, ನಮ್ಮ ಮನೆಯೊಳಗೆ ಬಂದು ಕೂತರು. ಆಟ ನಿಂತೇಹೋಯಿತು. ಅಪ್ಪ ಮನೆಯಲ್ಲಿದ್ದರೆ ಏನು ಮಾಡಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಕುಸುಮ ಸೊಂಟದ ಮೇಲೆ ಕೈ ಇಟ್ಟು ಹೇಳಿದಳು: “ನೀವು ಹೊರಗೆ ಹೋಗ್ಬೇಕು.”

“ಇವತ್ತು ಹೋಗುದಿಲ್ಲ,” ಎಂದರು ಅಪ್ಪ.

ಅವಳು ಯೋಚಿಸಿದಳು. ಮನೆಯಲ್ಲಿ ಇರುವ ಅಪ್ಪ ಏನು ಮಾಡುತ್ತಾನೆಂದು ನೆನಪು ಮಾಡಿಕೊಂಡಳು. ಕೊನೆಗೆ ಕೈ ಚಾಚಿ, “ಹಾಗಾದ್ರೆ ಉಗುರು ತೆಗೀರಿ,” ಎಂದಳು.

ಅಪ್ಪ ತೆಗೆದರು. ಬರಿ ಕೈಯಲ್ಲೇ ಟಕ್ ಟಕ್ ಎಂದು ಬಾಯಲ್ಲಿ ಸದ್ದು ಮಾಡುತ್ತಾ, ಒಂದು, ಎರಡು, ಮೂರು ಎಂದು ಪ್ರತಿ ಬೆರಳನ್ನೂ ಎಣಿಸುತ್ತಾ, ಹತ್ತೊಂಬತ್ತು ಮಕ್ಕಳ ಉಗುರು ತೆಗೆದರು. ಮಕ್ಕಳು ಸಾಲಾಗಿ ನಿಂತು ತಾವೂ ಎಣಿಸಿದರು. ಕೆಲವರು ಎರಡು ಸಲ ಸಾಲಿಗೆ ಬಂದರು; ಅಪ್ಪ ಕಂಡೂ ಬಿಟ್ಟುಬಿಟ್ಟರು. ಇಂಥ ಅಪ್ಪನನ್ನು ನಾನು ನೋಡಿರಲೇ ಇಲ್ಲ. ನನ್ನ ಸರದಿ ಬಂದಾಗ ಬೆರಳು ಮೆತ್ತಗೆ ಹಿಡಿದರು. ನಾನು ಅವರ ಕೈ ನೋಡಲಿಲ್ಲ, ಮುಖ ನೋಡಿದೆ. ಎಡ ಹುಬ್ಬಿನಲ್ಲಿ ಒಂದು ಬಿಳಿ ಕೂದಲು ಇತ್ತು.

ಒಂಬತ್ತು ಇಪ್ಪತ್ತರ ಗಾಡಿ ಹಿಡಿದು ಹೋದರು. ಲೇಟ್ ಮಾರ್ಕ್ ಬಿತ್ತು. ಒಂಬತ್ತು ವರ್ಷ ಚಿಲ್ಲರೆ ಕಾಲದ ಬಿಳಿ ಕಾಗದದ ಮೇಲೆ ಒಂದು ಕೆಂಪು ಗೀಟು.

“ಗಡಿಯಾರ ಹೋಯ್ತಲ್ಲ,” ಎಂದಳಂತೆ ಅಮ್ಮ.

“ಹೋಯ್ತು. ಒಂದು ಲೇಟಾದ್ರೂ ಹೋಯ್ತು, ನಾಲ್ಕಾದ್ರೂ ಹೋಯ್ತು,” ಎಂದರಂತೆ ಅಪ್ಪ.

ಆ ಚಳಿಗಾಲದಲ್ಲಿ ಅಪ್ಪ ಸಂಕ್ರಾಂತಿಯವರೆಗೆ ಐದು ಬುಧವಾರ ಬಾಲವಾಡಿಗೆ ಬಂದರು. ಆಫೀಸಿನ ದುಂಡು ರೂಲುದೊಣ್ಣೆ ತಂದು, ಅದನ್ನು ಕಾಗದದ ಮೇಲೆ ಉರುಳಿಸುತ್ತಾ ಗೆರೆ ಎಳೆಯಲು ಕಲಿಸಿದರು. ಒಂದಕ್ಕೊಂದು ತಾಗದ, ನೇರವಾದ, ಉದ್ದನೆಯ ಗೆರೆಗಳು. “ಒತ್ತಬೇಡ, ಅದರಷ್ಟಕ್ಕೆ ಉರುಳಲಿ,” ಎನ್ನುತ್ತಿದ್ದರು. ಸಂಜೆ ಮನೆಯಲ್ಲಿ ಲಟ್ಟಣಿಗೆ ಉರುಳಿಸಿ ನಾನು ಅಮ್ಮನಿಗೂ ತಂಗಿಗೂ ಅದನ್ನೇ ಕಲಿಸಿದೆ. ಎರಡನೆಯ ನಿಯಮವೂ ಆಗ ಸಡಿಲವಾಯಿತು. ಬುಧವಾರ ಎಂಟು ನಲವತ್ತರವರೆಗೆ ನಾವು ಎದ್ದಿರಬಹುದಿತ್ತು. ಮೂರನೆಯ ಬುಧವಾರ ಮೂರ್ತಿಯವರೂ ಬಂದರು. “ನಮ್ಮ ಬ್ಯಾಂಕಲ್ಲಿ ಅಜ್ಜಿ ತೀರಿಕೊಂಡ್ರು ರಾಯರೇ,” ಎಂದು ಅಪ್ಪನ ಕಿವಿಯಲ್ಲಿ ಹೇಳಿ ಮಗುವಿನ ಪಾರ್ಟು ಮಾಡಿದರು. ಕುಸುಮ ಅವರಿಗೆ ಹುಣಸೆಬೀಜದ ಅನ್ನ ಉಣಿಸಿದಳು. ಆ ಮೇಲೆ ನಮ್ಮಲ್ಲಿ ಅಪ್ಪ ಆಗಲೂ ಜಗಳ ಶುರುವಾಯಿತು.

ಗಡಿಯಾರ ಅಪ್ಪನ ಪಕ್ಕದ ಮೇಜಿನವರಿಗೆ ಸಿಕ್ಕಿತು. ಮೊಳೆಗೆ ಅಮ್ಮ ನನ್ನ ಬಾಲವಾಡಿಯ ಚೀಲ ತೂಗುಹಾಕಿದಳು. ಅಪ್ಪ ಬೈಯಲಿಲ್ಲ.

ನಾನು ಜೂನ್‌ನಲ್ಲಿ ದೊಡ್ಡ ಶಾಲೆಗೆ ಹೋದೆ. ಅಕ್ಕೋರು ಕೆಲವು ವರ್ಷದ ಮೇಲೆ ಊರಿಗೆ ಹಿಂತಿರುಗಿದರು. ಚಾಳು ಇದ್ದ ಜಾಗದಲ್ಲಿ ಈಗ ಹದಿನೆಂಟು ಮಹಡಿ. ಕಾಡುಬಾದಾಮಿ ಮರ ಇದ್ದಲ್ಲಿ ಕಾರು ನಿಲ್ಲಿಸುತ್ತಾರೆ. ಅಪ್ಪ ಹೋಗಿ ಇಪ್ಪತ್ತು ವರ್ಷ. ಇವೆಲ್ಲ ಎಲ್ಲರ ಬದುಕಿನಲ್ಲೂ ಆಗುವುದೇ. ಇದಕ್ಕಾಗಿ ನಾನು ಕೂತು ಬರೆಯುವವನಲ್ಲ.

ನಾನು ಬರೆಯುತ್ತಿರುವುದು ಕಳೆದ ಸೋಮವಾರದ ಕಾರಣಕ್ಕೆ. ಈಗ ನಾನು ಕಾಮೋಠೆಯಲ್ಲಿ ಮಗ ಪ್ರಶಾಂತನ ಮನೆಯಲ್ಲಿದ್ದೇನೆ. ಮೊಮ್ಮಗಳು ಸಾನ್ವಿಗೆ ನಾಲ್ಕೂವರೆ ವರ್ಷ. ಅವಳ ಶಿಶುಶಾಲೆಯಿಂದ ಒಂದು ಹಾಳೆ ಬಂತು, ಮನೆಯವರೆಲ್ಲ ಸೇರಿ ತುಂಬಬೇಕು. ‘ಚಿಕ್ಕವರಿದ್ದಾಗ ನಿಮ್ಮ ಅಪ್ಪ ನಿಮ್ಮ ಜೊತೆ ಆಡಿದ ಒಂದು ಆಟ.’ ಅಜ್ಜನಿಗೆ ಒಂದು ಸಾಲು, ಅಪ್ಪನಿಗೆ ಒಂದು ಸಾಲು. ಬುಧವಾರ ಬಂದು ಆ ಆಟವನ್ನು ಮಕ್ಕಳಿಗೆ ಆಡಿಸಿ ತೋರಿಸಬೇಕು. ಬುಧವಾರ ಎಂದು ಓದಿ ನನಗೆ ಸಂತೋಷವಾಯಿತು. ನನ್ನ ಸಾಲನ್ನು ತಕ್ಷಣ ತುಂಬಿದೆ: ರೂಲುದೊಣ್ಣೆ ಉರುಳಿಸಿ ಗೆರೆ ಎಳೆಯುವುದು.

ರಾತ್ರಿ ಎಂಟರ ನಂತರವೂ ಎರಡನೆಯ ಸಾಲು ಖಾಲಿ ಇತ್ತು. ಪ್ರಶಾಂತ ಪೆನ್ನು ಹಿಡಿದು ಕೂತಿದ್ದ, ಪಕ್ಕದಲ್ಲಿ ಸಾನ್ವಿ.

“ಪಪ್ಪಾ, ಇದ್ರಲ್ಲಿ ಎಂತ ಬರೆಯುದು? ಮೇರೇಕೋ ತೋ ಕುಛ್ ಯಾದ್ ನಹೀ ಆ ರಹಾ.”

ಏನೂ ನೆನಪಾಗುತ್ತಿಲ್ಲ ಎಂದ ಅವನ ದನಿಯಲ್ಲಿ ದೂರು ಇರಲಿಲ್ಲ. ನಿಜವಾಗಿಯೇ ನೆನಪು ಮಾಡಿಕೊಳ್ಳುತ್ತಿದ್ದ. ನಾನೂ ಮಾಡಿಕೊಂಡೆ. ಅವನು ಬೆಳೆದದ್ದು ಥಾಣೆ ಹತ್ತಿರದ ಕಳ್ವಾ ಎಂಬ ಊರಿನಲ್ಲಿ. ನಾನು ಥಾಣೆಯ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದೆ. ಬೆಳಿಗ್ಗೆ ಆರೂವರೆಗೆ ಹೊರಡುತ್ತಿದ್ದೆ. ಒಂದು ಭಾನುವಾರ ಏನಾದರೂ? ಒಂದು ಮಳೆಗಾಲ? ಸಿಗಲಿಲ್ಲ.

“ನೀವು ಮಕ್ಕಳು ಬಾಲವಾಡಿಯಲ್ಲಿ ಮನೆಯಾಟ ಆಡ್ತಿದ್ರಾ?” ಎಂದು ಕೇಳಿದೆ. ಯಾಕೆ ಕೇಳಿದೆನೋ.

“ಘರ್ ಘರ್? ಹಾಂ, ರೋಜ್ ಆಡ್ತಿದ್ವಿ.”

“ಅದರಲ್ಲಿ ಅಪ್ಪ ಎಲ್ಲಿ ಕೂರ್ತಿದ್ದ?”

ಪ್ರಶಾಂತ ಸ್ವಲ್ಪ ಯೋಚಿಸಿ ನಕ್ಕ. “ಅಪ್ಪನಾ? ನಮ್ಮ ಆಟದಲ್ಲಿ ಅಪ್ಪ ಇರ್ಲೇ ಇಲ್ಲ ಪಪ್ಪಾ. ಮಮ್ಮಿ, ಬಚ್ಚೇ, ಬಸ್.”

ಚಾಳಿನ ನಮ್ಮ ಆಟದಲ್ಲಿ ಅಪ್ಪನಿಗೆ ಹೊರಗೆ ಒಂದು ಮೆಟ್ಟಿಲಾದರೂ ಇತ್ತು. ಆ ಮೆಟ್ಟಿಲ ಮೇಲೆ ಕೂತವನು ನಾನು. ಅದನ್ನು ಕಂಡು ನನ್ನ ಅಪ್ಪನ ಮುಖ ಹೇಗಾಯಿತೆಂದು ನೋಡಿದವನೂ ನಾನು. ಎಲ್ಲ ಗೊತ್ತಿದ್ದೂ ನಾನು ಆ ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಲೇಟಾಗಲಿಲ್ಲ.

“ರಹನೇ ದೋ, ಬಿಡಿ,” ಎಂದ ಪ್ರಶಾಂತ. “ಅಜ್ಜನ ಸಾಲನ್ನೇ ಬರೀತೇನೆ.” ಮೇಲಿನ ಸಾಲು ನೋಡಿ ಕೆಳಗಿನ ಸಾಲಿನಲ್ಲಿ ಅದನ್ನೇ ಬರೆದ: ರೂಲುದೊಣ್ಣೆ ಉರುಳಿಸಿ ಗೆರೆ ಎಳೆಯುವುದು. ಅವನು ರೂಲುದೊಣ್ಣೆಯನ್ನು ಕಣ್ಣಿನಿಂದ ನೋಡಿಯೂ ಇಲ್ಲ.

ಅಷ್ಟರಲ್ಲಿ ಗೋಡೆ ಗಡಿಯಾರ ಎಂಟೂವರೆ ಹೊಡೆಯಿತು. ನನ್ನ ಕಾರ್ಖಾನೆಯವರು ಒಂದೂ ಲೇಟ್ ಮಾರ್ಕ್ ಇಲ್ಲದ್ದಕ್ಕೆ ಕೊಟ್ಟ ಗಡಿಯಾರ ಅದು, ಇವತ್ತಿಗೂ ಒಂದು ನಿಮಿಷವೂ ಹಿಂದೆ ಬಿದ್ದಿಲ್ಲ. ಸಾನ್ವಿ ಹಾಳೆಯನ್ನು ತನ್ನ ಅಪ್ಪನ ಮೊಣಕಾಲ ಮೇಲೆ ಬಿಟ್ಟು ತಾನಾಗಿಯೇ ಎದ್ದಳು.

“ಕಹಾಂ ಚಲೀ?” ಎಂದ ಪ್ರಶಾಂತ. “ಬೈಠ್ ನಾ ಥೋಡಾ,” ಎಂದು ಪಕ್ಕದಲ್ಲಿ ಜಾಗ ತೋರಿಸಿದ.

“ಸಾಡೇ ಆಠ್ ಬಜೇ ಬೆಡ್,” ಎಂದಳು ಅವಳು. “ಅಜ್ಜಾ ಕಾ ರೂಲ್ ಹೈ.”